ಠರಾವು ಓದಲು ಕಲಿಸಿದ ಅಕ್ಕೋರು

ಅಕ್ಕೋರ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. ನಡೆಯುವಾಗ ಮೈಯೆಲ್ಲ ಬಲಕ್ಕೆ ವಾಲಿ ಸೆರಗು ಜಾರುತ್ತಿತ್ತು. ಮುಂದಿನ ಹೆಜ್ಜೆಗೆ ಅದನ್ನು ಮತ್ತೆ ಹೆಗಲಿಗೇರಿಸಿಕೊಳ್ಳುತ್ತಿದ್ದರು. ಶಿಗ್ಗಾಂವಿ ತಾಲೂಕಿನ ಹುಲಗೂರಿನಲ್ಲಿ ಬಸ್ಸಿಳಿದು, ನಮ್ಮೂರಿನ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಎರಿಮಣ್ಣಿನ ಹಾದಿಯಲ್ಲಿ ಎರಡು ಮೈಲು ಹೀಗೇ ನಡೆದು ಬರುತ್ತಿದ್ದರು. ಸವಣೂರಿನವರು. ಮನೆಯಲ್ಲಿ ಮುದಿ ಸೋದರತ್ತೆಯೊಬ್ಬರನ್ನು ಬಿಟ್ಟರೆ ಅವರಿಗೆ ಬೇರೆ ಯಾರೂ ಇರಲಿಲ್ಲ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮೇಲಿನ ವರ್ಷಗಳು ಅವು. ಕಚೇರಿಯ ಕಾಗದ, ಶಾಲೆಯ ಪುಸ್ತಕ ಎಲ್ಲ ಬದಲಾಗುತ್ತಿದ್ದವು. ಸೇರು ಹೋಗಿ ಕಿಲೋ ಬಂದಾಗ ಊರಿನ ಹೆಂಗಸರು ಮೋಸ ಹೋದೇವೆಂದು ಹೆದರಿದ್ದರು. ಅಕ್ಕೋರು ಎಲ್ಲಿಂದಲೋ ಒಂದು ತಕ್ಕಡಿ ಇಸಕೊಂಡು ಬಂದು, ಎಲ್ಲರನ್ನೂ ಶಾಲೆಯ ಕಟ್ಟೆಯ ಮೇಲೆ ಕೂಡಿಸಿ ಜೋಳ ತೂಗಿ ತೋರಿಸಿದರು. "ಹಾದಿ ಬದಲಾತಂದ್ರ ಅಳಕೋಂತ ಕುಂದ್ರಬಾರದು, ಹೆಜ್ಜಿ ಬದಲಿಸಬೇಕು" ಎನ್ನುತ್ತಿದ್ದರು. ಅವರ ನಡಿಗೆ ನೋಡಿದವರಿಗೆ ಅದು ಬರೀ ಬಾಯಿಮಾತಲ್ಲವೆಂದು ತಿಳಿಯುತ್ತಿತ್ತು.

ಹೊಸ ಕಾನೂನಿನ ಪ್ರಕಾರ ಪಂಚಾಯ್ತಿಯಲ್ಲಿ ಹೆಂಗಸರೂ ಇರಬೇಕೆಂದಾಯಿತು. ನನಗಾಗ ಇಪ್ಪತ್ತೆರಡು ವರ್ಷ. ಊರಿನ ಸೊಸೆಯಂದಿರಲ್ಲಿ ನಾಲ್ಕನೇ ಇಯತ್ತೆ ಓದಿದವಳು ನಾನೊಬ್ಬಳೇ. "ಏನಿಲ್ಲ, ಸಹಿ ಮಾಡೂದಷ್ಟ" ಎಂದು ಮಾವ ನನ್ನ ಹೆಸರು ಕೊಟ್ಟರು. ಸುದ್ದಿ ಕೇಳಿದ ಅಕ್ಕೋರು ಮನೆಗೇ ಬಂದರು. "ಶನಿವಾರ ಶಾಲಿ ಬಿಟ್ಟ ಮ್ಯಾಲೆ ಬಾರವಾ. ಸಹಿ ಮಾಡೂದನ್ನೂ ಕಲೀಬೇಕಾಗತೈತಿ" ಎಂದರು.

ಸಭೆಯಲ್ಲಿ ಮಾತಾಡುವುದನ್ನು ಅವರು ಕಲಿಸುವ ರೀತಿ ಕಠಿಣವಾಗಿತ್ತು. ತಾವೇ ಚೇರ್ಮನ್ನರಾಗಿ ಕುರ್ಚಿಯ ಮೇಲೆ ಕೂತು, ನಾನು ಬಾಯಿ ತೆರೆದೊಡನೆ ಗದರುತ್ತಿದ್ದರು. ಬಾಯಿಪಾಠ ಮಾಡಿಕೊಂಡು ಹೋದರೆ ನಡುವೆ ವಿಷಯವನ್ನೇ ಬದಲಿಸಿ "ಈಗೇನ್ಮಾಡ್ತಿ?" ಎನ್ನುತ್ತಿದ್ದರು. ಒಮ್ಮೆ ನಾನು ಬರೆದೊಯ್ದಿದ್ದ ಚೀಟಿಯನ್ನು ಕಸಿದು ಕಿಡಕಿಯಾಚೆ ಎಸೆದುಬಿಟ್ಟರು. ನಾನು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. "ಸಭಾದಾಗ ಚೀಟೀನೂ ಇರಂಗಿಲ್ಲ, ನಾನೂ ಇರಂಗಿಲ್ಲ. ನೀ ಒಬ್ಬಾಕೀನ ಇರ್ತಿ."

ಮೊದಲ ಸಭೆಯಲ್ಲಿ ಕುಡಿಯುವ ನೀರಿನ ಬಾವಿಯ ಮಾತು ಬಂತು. ನೀರಿಲ್ಲದ ಕೆಳಗಿನ ಕೇರಿಗೆ ಬಾವಿ ಎಂದು ಎಲ್ಲರೂ ಒಪ್ಪಿದ್ದರು. ಸಭೆಯ ತೀರ್ಮಾನ ಬರೆದು ಸಹಿಗೆ ತಂದ ಠರಾವಿನ ಪುಸ್ತಕದಲ್ಲಿ ಮಾತ್ರ ಬಾವಿ ಚೇರ್ಮನ್ನರ ಓಣಿಗೆ ಸೇರಿತ್ತು. ಓದಿದೆ. ಸುಮ್ಮನೆ ಸಹಿ ಮಾಡಿ ಬಂದೆ.

ಅಕ್ಕೋರ ಮುಂದೆ ತಲೆ ತಗ್ಗಿಸಿ ನಿಂತಾಗ ಅವರು ಕೇಳಿದ್ದು ಒಂದೇ. "ಓದಿ ಮಾಡಿದ್ಯೋ, ಓದದ ಮಾಡಿದ್ಯೋ?"

"ಓದೇ ಮಾಡೇನ್ರಿ."

"ಹಂಗಾರ ಅರ್ಧಾ ಕೆಲಸ ಆತು."

"ಮುಂದಿನ ಸಭಾದಾಗ ಏನನ್ಲಿ? ನೀವ ಹೇಳ್ರಿ."

"ಅದನ್ನ ನಾ ಹೇಳಂಗಿಲ್ಲ. ಊರು ನಿಂದು, ಬಾವಿ ನಿಮ್ಮದು."

ಮುಂದಿನ ತಿಂಗಳು ಚಾವಡಿಯ ಸಭೆಯಲ್ಲಿ ಎದ್ದು ನಿಂತು, ಹಳೆಯ ಠರಾವನ್ನು ಗಟ್ಟಿಯಾಗಿ ಓದಿ, "ನಾವು ಮಾತಾಡಿದ್ದು ಇದಲ್ರಿ" ಎಂದೆ. ವಾರದೊಳಗೆ ಅಕ್ಕೋರ ಮೇಲೆ ಅರ್ಜಿ ಹೋಯಿತು: ಪಾಠ ಬಿಟ್ಟು ಊರಲ್ಲಿ ರಾಜಕಾರಣ ಮಾಡುತ್ತಾರೆಂದು.

ವಿಚಾರಣೆಗೆ ಶಿಕ್ಷಣ ಖಾತೆಯ ಸಾಹೇಬರೊಬ್ಬರು ಬಂದರು. ನನ್ನನ್ನು ಶಾಲೆಗೆ ಕರೆಸಿದರು. ಮಾವ ಬಾಗಿಲಲ್ಲೇ ನಿಂತಿದ್ದರು. ಮನೆಯಿಂದ ಹೊರಡುವಾಗಲೇ ಏನು ಹೇಳಬೇಕೆಂದು ತಾಕೀತು ಮಾಡಿದ್ದರು.

"ಬಾವಿ ಮಾತು ನಿನ್ನದೇನವಾ, ಇವರು ಹೇಳಿಕೊಟ್ಟಿದ್ದೇನು?" ಎಂದು ಸಾಹೇಬರು ಅಕ್ಕೋರ ಕಡೆ ತೋರಿಸಿ ಕೇಳಿದರು.

"ಅಕ್ಕೋರು ಹೇಳಿಕೊಟ್ಟಿದ್ರಿ" ಎಂದೆ.

ಅಕ್ಕೋರು ನನ್ನ ಮುಖವನ್ನೊಮ್ಮೆ, ಬಾಗಿಲಲ್ಲಿದ್ದ ಮಾವನನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಹೌದ್ರಿ ಸಾಹೇಬ್ರ. ನಾನ ಹೇಳಿಕೊಟ್ಟೇನಿ."

ಹಿರೇಕೆರೂರು ತಾಲೂಕಿನ ಒಂದು ಹಳ್ಳಿಗೆ ಅವರ ವರ್ಗವಾಯಿತು. ಸೋದರತ್ತೆಗೆ ಊರು ಬಿಡುವ ಶಕ್ತಿ ಇರಲಿಲ್ಲ. ಅವರನ್ನು ಸವಣೂರಿನಲ್ಲೇ ನೆಂಟರ ಮನೆಯಲ್ಲಿ ಬಿಟ್ಟು ಹೋದರು. ಆ ವರ್ಷವೇ ಮುದುಕಿ ತೀರಿಕೊಂಡಳೆಂದು ಕೇಳಿದೆ. ಹೊರಡುವ ದಿನ ಅಕ್ಕೋರನ್ನು ಕಳಿಸಲು ಹೋಗುವ ಧೈರ್ಯ ನನಗಾಗಲಿಲ್ಲ.

ತಿಂಗಳ ಮೇಲೆ ಅವರಿಂದಲೇ ಒಂದು ಕಾರ್ಡು ಬಂತು. "ಈ ಸಲದ ಠರಾವು ಓದಿದೆಯಾ?" ಇಷ್ಟೇ. ಅದರ ಸಿಟ್ಟಿನಲ್ಲೋ ನಾಚಿಕೆಯಲ್ಲೋ ವಿಚಾರಣೆಯ ಮೇಲೆ ಬಿಟ್ಟಿದ್ದ ಸಭೆಗೆ ಮತ್ತೆ ಹೋಗತೊಡಗಿದೆ. ಕೇಳಿದ್ದನ್ನೇ ಕೇಳಿದೆ, ಬೈಸಿಕೊಂಡೆ. ಕೆಳಗಿನ ಕೇರಿಯ ಹೆಂಗಸರನ್ನು ಚಾವಡಿಯ ಮುಂದೆ ತಂದು ಕೂಡಿಸಿದೆ. ಎರಡು ವರ್ಷಕ್ಕೆ ಅಲ್ಲಿ ಬಾವಿಯಾಯಿತು. ಅಕ್ಕೋರಿಗೆ ಬರೆದೆ. "ನೀರು ಸಿಹಿಯೋ ಸವಳೋ, ಅದನ್ನು ಬರೆಯಲಿಲ್ಲ" ಎಂದು ಉತ್ತರ ಬಂತು. ಸಿಹಿ ಎಂದು ಬರೆದೆ. ತಪ್ಪಾಯಿತು ಎನ್ನುವ ಒಂದು ಮಾತನ್ನು ಮಾತ್ರ ಯಾವ ಕಾರ್ಡಿನಲ್ಲೂ ಬರೆಯಲಾಗಲಿಲ್ಲ. ಹೋಗಿ ಕಾಲು ಹಿಡಿದೇ ಹೇಳಬೇಕೆಂದುಕೊಂಡೆ. ಸುಗ್ಗಿ ಬಂತು, ಬಾಣಂತನ ಬಂತು, ವರ್ಷಗಳು ಹೋದವು.

ಅಕ್ಕೋರು ಕಾಮಾಲೆಯಾಗಿ ಮಲಗಿದ್ದಾರೆಂದು ತಿಳಿದಾಗ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ತಪ್ಪಿತು. ಆ ಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಒಂದು ದಿನವಾಗಿತ್ತು. ಅವರು ಇರುತ್ತಿದ್ದ ಖೋಲಿಯ ಮುಂದೆ ನಾಲ್ಕು ಮಂದಿ ಹೆಂಗಸರು ಕೂತಿದ್ದರು. ಸುತ್ತಲಿನ ಪಂಚಾಯ್ತಿಗಳ ಮೆಂಬರರು. ನನ್ನ ಊರು ಕೇಳಿ, ಅವರಲ್ಲಿ ಹಿರಿಯಳು ನನ್ನ ಕೈ ಹಿಡಿದುಕೊಂಡಳು.

"ಶಿಗ್ಗಾಂವಿ ಕಡ್ಯಾಕಿ ನೀನ ಏನ? ನಮಗ ಅಂಜಿಕಿ ಬಂದಾಗೊಮ್ಮೆ ನಿನ್ನ ಸುದ್ದೀನ ಹೇಳ್ತಿದ್ರು. ಆಕಿನೂ ಮೊದಲನೇ ಸಭಾದಾಗ ಬಾಯಿ ಬಿಡಲಿಲ್ಲ, ಆಮ್ಯಾಲೆ ಊರಿಗೆ ನೀರು ತಂದ್ಲು ಅಂತ."

ವಿಚಾರಣೆಯ ಸಂಗತಿ ಅವರಾರಿಗೂ ಗೊತ್ತಿರಲಿಲ್ಲ. ಅಕ್ಕೋರು ಹೇಳಿರಲಿಲ್ಲ.

ಹೊಸ್ತಿಲ ಹತ್ತಿರ ಕೂತು ನಾನೇ ಹೇಳಿದೆ. ಸಾಹೇಬರು ಕೇಳಿದ್ದು, ನಾನು ಹೇಳಿದ ಸುಳ್ಳು, ಅದನ್ನು ಅಕ್ಕೋರು ಒಪ್ಪಿಕೊಂಡದ್ದು. ಹಿಡಿದ ಕೈಯನ್ನು ಆ ಹಿರಿಯಳು ಬಿಟ್ಟಳು. ಆಮೇಲೆ ಎದ್ದು ಒಳಗಿನಿಂದ ನೀರು ತಂದುಕೊಟ್ಟಳು. ನನಗೆ ಏನಾದರೂ ಅನ್ನಬೇಕಾದವರು ಮಾತ್ರ ಅಲ್ಲಿರಲಿಲ್ಲ.