ನಿಮ್ಮ ಕೈಲೆ ಆಗೂದಿಲ್ಲ

ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಮಾತ್ರೆಗೆ ಬಗ್ಗದ ಸಕ್ಕರೆ ಕಾಯಿಲೆಗೆ ಡಾಕ್ಟರು ಇನ್ಸುಲಿನ್ ಬರೆದರೆ, ಅದನ್ನು ತಾವೇ ಚುಚ್ಚಿಕೊಳ್ಳಲು ರೋಗಿಗಳಿಗೆ ಕಲಿಸುವುದು ನನ್ನ ಕೆಲಸ. ಹಾಗೆ ಕಲಿಯಲು ಬಂದಿದ್ದ ದೇವರಗುಡ್ಡದ ಕಡೆಯ ಒಬ್ಬ ಹೆಂಗಸನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಐವತ್ತರ ಆಸುಪಾಸಿನವರು. ಸೊಸೆಯ ಜೊತೆ ಬಂದಿದ್ದರು. ಸೋಮವಾರ, ಹೊರಗೆ ಬೆಂಚು ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಸಿರಿಂಜು ಕೈಗೆ ಕೊಟ್ಟೆ. ಸೂಜಿ ಹೊಟ್ಟೆಯ ಹತ್ತಿರ ಹೋಗುತ್ತಿದ್ದಂತೆ ಅವರ ಬೆರಳುಗಳು ನಡುಗಿದವು. ಮತ್ತೆ ಹಿಡಿದರು, ಮತ್ತೆ ನಡುಗಿದವು.

"ಬಿಡ್ರಿ ಯವ್ವಾ, ನಿಮ್ಮ ಕೈಲೆ ಆಗೂದಿಲ್ಲ," ಎಂದು ಸಿರಿಂಜು ತೆಗೆದುಕೊಂಡು ಸೊಸೆಗೆ ಕೊಟ್ಟೆ. ಓದಿದ ಹುಡುಗಿ, ಐದೇ ನಿಮಿಷದಲ್ಲಿ ಕಲಿತಳು. ಅತ್ತೆ ಸೆರಗು ಸರಿಮಾಡಿಕೊಂಡರು. ಕೆಲಸ ಬೇಗ ಮುಗಿಯಿತೆಂದು ನನಗೆ ಸಮಾಧಾನವೇ ಆಗಿತ್ತು.

ಮುಂದೆ ಸೊಸೆ ಹೆರಿಗೆಗೆಂದು ಬ್ಯಾಡಗಿಯ ತವರಿಗೆ ಹೋದಳು. ಚುಚ್ಚುವವರಿಲ್ಲದೆ ಇನ್ಸುಲಿನ್ ನಿಂತಿತು. ಕೆಲವು ತಿಂಗಳ ಮೇಲೆ ಅವರು ನಮ್ಮಲ್ಲಿಗೆ ಬಂದಾಗ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಹಾವೇರಿಗೆ ಕಳಿಸಿದೆವು. ಅಲ್ಲಿ ಬೆರಳು ತೆಗೆದರು.

ಗಾಯ ಮಾಯ್ದ ಮೇಲೆ ತಪಾಸಣೆಗೆ ಬರಲೇ ಇಲ್ಲ. ಒಂದು ಭಾನುವಾರ ನಾನೇ ಬಸ್ ಹತ್ತಿ ಅವರ ಊರಿಗೆ ಹೋದೆ. ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಸೊಸೆ, "ಅತ್ತಿ ಕ್ರಾಸಿಂಗ್ ಕೆಲಸಕ್ಕ ಹೋಗ್ಯಾರ್ರಿ," ಎಂದು ಊರಂಚಿನ ಹೊಲ ತೋರಿಸಿದಳು.

ಹೈಬ್ರಿಡ್ ಬೀಜಕ್ಕಾಗಿ ಟೊಮೆಟೊ ಬೆಳೆದ ಹೊಲ; ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗವನ್ನು ಕೈಯಿಂದ ಮುಟ್ಟಿಸುವುದಕ್ಕೇ ಇಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ಸಾಲಿನ ನಡುವೆ ಅವರು ಸ್ಟೂಲಿನ ಮೇಲೆ ಕೂತು, ಅರಳದ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು, ಸಣ್ಣ ಚಿಮಟದಿಂದ ಒಳಗಿನ ಗಂಡುಕೇಸರವನ್ನಷ್ಟೇ ಬಿಡಿಸಿ ತೆಗೆಯುತ್ತಿದ್ದರು. ನಡುವಿನ ನೂಲಿನಂಥ ಕಡ್ಡಿಗೆ ಪೆಟ್ಟಾದರೆ ಹೂವು ಕೆಟ್ಟಂತೆ. ಮೊಗ್ಗಿನಿಂದ ಮೊಗ್ಗಿಗೆ ಹೋದರೂ ಆ ಕೈ ಅಲುಗಲಿಲ್ಲ.

"ಎಷ್ಟ ವರ್ಷ ಆತ್ರಿ ಈ ಕೆಲಸ ಮಾಡಾಕತ್ತು?"

"ಹದಿನೆಂಟ ಆಗಿರಬೇಕ್ರಿ. ಹೊಸದರಾಗ ದಿನಾ ಹೂವು ಮುರೀತಿದ್ದೆ. ಕಲಿಸಾಕಿ ಭಾಳ ಸಮಾಧಾನದಾಕಿ ಇದ್ಲು."

ಕೇಳಬಾರದಿತ್ತೇನೋ, ಕೇಳಿಬಿಟ್ಟೆ: "ಸೊಸಿ ಇಲ್ಲದಾಗ ನೀವ ಒಮ್ಮೆ ಚುಚ್ಚಿಕೊಂಡು ನೋಡಬೇಕಿತ್ತಲ್ರಿ?"

ಅವರು ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಆಗೂದಿಲ್ಲ ಅಂತ ನೀವ ಅಂದಿದ್ರಲ್ರೀ ಅಕ್ಕಾರ. ಕಲತವ್ರು ಹೇಳ್ಯಾರ, ಖರೇನ ಇರಬೇಕು ಅಂದ್ಕೊಂಡೆ."

ಆ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸಿರಿಂಜಿಗೆ ಔಷಧಿ ಎಳೆದವರು ಅವರೇ. ಗಾಳಿಗುಳ್ಳೆ ಕಂಡಾಗ ಹೊರಬಿಟ್ಟು ಮತ್ತೆ ಎಳೆದವರೂ ಅವರೇ. ಬೆರಳುಗಳು ನಡುಗಿದವು, ಕಾದೆ. ಮೂರನೆಯ ಸಲಕ್ಕೆ ಸೂಜಿ ಒಳಗೆ ಹೋಯಿತು. "ಇಷ್ಟನ ಏನ್ರಿ?" ಎಂದರು.

ಈಗ ತಾವೇ ಚುಚ್ಚಿಕೊಳ್ಳುತ್ತಾರೆ, ಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳುತ್ತಾರೆ. ಕೆಲಸದ ನಡುವೆ ಸಕ್ಕರೆ ತೀರಾ ಇಳಿದು, ಬೆವರಿ ಕೈಕಾಲು ಸೋತರೆ ಬೆಲ್ಲ ಬಾಯಿಗೆ ಹಾಕಿಕೊಂಡು ಕೂರುತ್ತಾರೆ; ಯಾರನ್ನೂ ಕೇಳುವುದಿಲ್ಲ. ನಡೆಯುವಾಗ ಮಾತ್ರ ಎಡಗಾಲು ಎಳೆಯುತ್ತದೆ. ಒಮ್ಮೆ ತಪ್ಪಾಯಿತೆಂದು ಹೇಳಲು ಹೋದೆ. "ಕಲಿಸೀರಲ್ರೀ, ಆತು ಬಿಡ್ರಿ," ಎಂದು ಮಾತು ತಿರುಗಿಸಿದರು. ಮೊದಲ ದಿನವೇ ಇನ್ನೊಂದು ಕಾಲು ಗಂಟೆ ಕಾದಿದ್ದರೆ ಆ ಬೆರಳು ಉಳಿಯುತ್ತಿತ್ತೇನೋ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.