ಗದಿಗೆಪ್ಪನವರ ಜಿಂಕೆ ಲೆಕ್ಕ

ಗದಿಗೆಪ್ಪನವರ ಲೆಕ್ಕ ನಂಬಲು ಯೋಗ್ಯವಲ್ಲ ಎಂದು ನಮ್ಮ ಟೌನ್‌ಶಿಪ್ಪಿನ, ಅಂದರೆ ಅಮೆರಿಕದ ಈ ಊರಿನ ಪುರಸಭೆಯ, ದಾಖಲೆಯಲ್ಲಿ ಇವತ್ತಿಗೂ ಇದೆ. ವೆಬ್‌ಸೈಟಿಗೆ ಹೋದರೆ ಯಾರು ಬೇಕಾದರೂ ಓದಬಹುದು. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಮನುಷ್ಯ ಒಂದು ಜಿಂಕೆಯನ್ನೂ ಹೆಚ್ಚು ಹೇಳಿದವರಲ್ಲ, ಒಂದನ್ನೂ ಕಡಿಮೆ ಹೇಳಿದವರಲ್ಲ. ತಪ್ಪು ಮಾಡಿದವಳು ನಾನು, ಮಂಜರಿ. ಅದನ್ನು ಹೇಳಲು ಹೋದಾಗ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗದಿಗೆಪ್ಪನವರು ಇಲ್ಲಿ ಸಬ್‌ಡಿವಿಷನ್ ಎಂದು ಕರೆಯುವ ನಮ್ಮ ಬಡಾವಣೆಯಲ್ಲಿ ನಮ್ಮಿಂದ ನಾಲ್ಕು ಮನೆ ಆಚೆಗೆ ಇದ್ದಾರೆ. ವಯಸ್ಸು ಎಪ್ಪತ್ತೊಂದು. ಗದಗಿನವರು. ಅವರ ತಂದೆ ಅಲ್ಲಿನ ಕಾಳಿನ ಪೇಟೆಯಲ್ಲಿ ಜೋಳ, ಕಡಲೆ ಅಳೆಯುತ್ತಿದ್ದರು. ಸೇರಿನಿಂದ ಅಳೆದು ಚೀಲಕ್ಕೆ ಸುರಿಯುವಾಗ ಯಾರಾದರೂ ಮಾತಿಗೆಳೆದರೆ ಲೆಕ್ಕ ತಪ್ಪೀತೆಂದು ಸುರಿದ ಸಂಖ್ಯೆಯನ್ನೇ ಹೇಳುತ್ತ ಕೂರುತ್ತಿದ್ದರಂತೆ: ಹನ್ನೊಂದು, ಹನ್ನೊಂದು, ಹನ್ನೊಂದು, ಮುಂದಿನ ಸೇರು ಬೀಳುವ ತನಕ. ಗದಿಗೆಪ್ಪನವರು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಎಂಬತ್ತನಾಲ್ಕರಲ್ಲಿ ಡೆಟ್ರಾಯಿಟ್‌ಗೆ ಬಂದು, ಆಬರ್ನ್ ಹಿಲ್ಸ್‌ನಲ್ಲಿ ಮೂವತ್ತು ವರ್ಷ ಕಾರುಗಳ ಬ್ರೇಕ್ ಪರೀಕ್ಷೆ ಮಾಡಿದರು. ಒಣ ರಸ್ತೆ, ಒದ್ದೆ ರಸ್ತೆ, ಹಿಮ ಬಿದ್ದ ರಸ್ತೆ. ಕಾರು ಎಷ್ಟು ಅಡಿಗೆ ನಿಂತಿತು, ಬರೆದುಕೋ. ಒಂದು ಅಡಿ ಆಚೀಚೆ ಬರೆದರೆ ಯಾರದೋ ಮನೆಯ ಮಗು ಹೋಗುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದರು.

ರಿಟೈರ್ ಆದ ಮೇಲೆ ಅವರು ಹಿಡಿದ ಕೆಲಸ ಜಿಂಕೆ ಎಣಿಸುವುದು. ನಮ್ಮ ಮನೆಗಳ ಹಿಂದೆ ಟೌನ್‌ಶಿಪ್ಪಿಗೆ ಸೇರಿದ ಕಾಡಿದೆ, ಮಧ್ಯದಲ್ಲಿ ಒಂದು ಕೆರೆ. ಬೆಳಗಿನ ಬೆಳಕು ಮೂಡುವ ಹೊತ್ತಿಗೆ ಕೆರೆಯಂಚಿನ ಬೆಂಚಿನ ಮೇಲೆ ಕೂತು, ಮರಗಳ ಸಂದಿಯಿಂದ ನೀರಿಗೆ ಬರುವ ಜಿಂಕೆಗಳನ್ನು ಎಣಿಸಿ, ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು. ನಾಲ್ಕು ಬಂದು ನಿಂತರೆ ನಾಕು, ನಾಕು, ನಾಕು ಎಂದು ಗೊಣಗುತ್ತ ಐದನೆಯದಕ್ಕೆ ಕಾಯುವರು. ವಾಕಿಂಗ್ ಹೋಗುವ ಅಮೆರಿಕದವರು ಇದೇನೋ ಮಂತ್ರವೆಂದು ಮೆಲ್ಲಗೆ ದಾಟಿ ಹೋಗುತ್ತಿದ್ದರು. ಮನೆಗೆ ಬಂದರೆ ಕೆಸರು ಬೂಟಿಗೆ ಹೆಂಡತಿ ಪ್ರಭಾವತಿ ಆಂಟಿಯ ಬೈಗುಳ. ಅದನ್ನು ಅವರು ಕಿವಿ ಮೇಲೆ ಹಾಕಿಕೊಂಡವರೇ ಅಲ್ಲ.

ಹಾಗಂತ ಅವರು ಬೇಟೆಯ ವಿರೋಧಿ ಅಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಅವರಿಗೆ ಆ ಹಣೆಪಟ್ಟಿಯನ್ನೂ ಅಂಟಿಸಿದರು. ಬ್ರೇಕ್ ಪರೀಕ್ಷೆ ಮಾಡಿದವರಿಗೆ ಜಿಂಕೆ ಹೆಚ್ಚಾದರೆ ರಸ್ತೆಯಲ್ಲಿ ಏನಾಗುತ್ತದೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವರಲ್ಲಿ ಅರ್ಧ ಜನ ಬೇಟೆಗಾರರು, ಅವರೊಂದಿಗೆ ಇವರದು ಇಂದಿಗೂ ಸ್ನೇಹ. ಅವರ ಸಿಟ್ಟೆಲ್ಲ ಒಂದು ಪದದ ಮೇಲೆ. ಇಲ್ಲಿ ಜಿಂಕೆ ಕೊಂದದ್ದನ್ನು ಕೊಂದೆ ಅನ್ನುವುದಿಲ್ಲ, ಹಾರ್ವೆಸ್ಟ್ ಮಾಡಿದೆ ಅನ್ನುತ್ತಾರೆ. ಕೊಂದವರು ವೆಬ್‌ಸೈಟಿನಲ್ಲಿ ತುಂಬಬೇಕಾದ ಫಾರ್ಮಿನ ಹೆಸರು ಹಾರ್ವೆಸ್ಟ್ ರಿಪೋರ್ಟ್.

"ಹಾರ್ವೆಸ್ಟ್ ಅಂದ್ರ ಸುಗ್ಗಿ ಅಲ್ಲೇನವಾ? ಬಿತ್ತಿದವ್ರು ಯಾರು ಇಲ್ಲಿ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ಅವರು ಎಣಿಸತೊಡಗಿದ ಮೊದಲ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ ಇಪ್ಪತ್ತು, ಇಪ್ಪತ್ತಾರು ಜಿಂಕೆ ಕಾಣುತ್ತಿದ್ದವು. ಮರುವರ್ಷ ಆಗಸ್ಟ್‌ನಲ್ಲಿ, ಸೊಳ್ಳೆಗಿಂತ ಸಣ್ಣ ನೊಣ ಕಚ್ಚಿ ಬರುವ ಜ್ವರ ತಗುಲಿ, ನೀರಿಗೆಂದು ಬಂದ ಜಿಂಕೆಗಳು ಕೆರೆಯ ಸುತ್ತ ಸತ್ತು ಬಿದ್ದವು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗದಿಗೆಪ್ಪನವರು ಹನ್ನೊಂದು ಎಣಿಸಿದರು. ಆ ವರ್ಷ ದಿನದ ಲೆಕ್ಕ ಎಂಟಕ್ಕೆ ಇಳಿಯಿತು. ಅದರ ಮುಂದಿನ ಚಳಿಗಾಲಕ್ಕೆ ಹೆಚ್ಚೆಂದರೆ ಮೂರು, ಎರಡು.

ಇಷ್ಟಾದರೂ ಟೌನ್‌ಶಿಪ್ಪಿನ ಜಿಂಕೆ ಸಮಿತಿ ಹಿಡಿದುಕೊಂಡು ಕೂತದ್ದು ರೋಗ ಬರುವ ಮೊದಲು ಹೆಲಿಕಾಪ್ಟರಿನಿಂದ ಎಣಿಸಿದ ನೂರನಲವತ್ತು ಎಂಬ ಸಂಖ್ಯೆಯನ್ನು. ಆ ಕಾಡಿನಲ್ಲಿ ಮೂವತ್ತು ಜನರಿಗೆ ಬಿಲ್ಲುಬಾಣದ ಬೇಟೆಗೆ ಪರವಾನಗಿ ಇದೆ, ಒಬ್ಬೊಬ್ಬರಿಗೆ ಎರಡು ಜಿಂಕೆ. ಕೊಂದ ಮೂರು ದಿನದೊಳಗೆ ರಿಪೋರ್ಟ್ ಮಾಡಬೇಕು. ಕಳೆದ ಸೀಸನ್ನಿನಲ್ಲಿ ಬಂದ ರಿಪೋರ್ಟುಗಳು ಒಂಬತ್ತು. ಕಾಡಿಗಿರುವ ಒಂದೇ ಪಾರ್ಕಿಂಗ್ ಜಾಗದಲ್ಲಿ ಪಿಕಪ್ ಟ್ರಕ್ಕಿಗೆ ಏರಿದ ಜಿಂಕೆಗಳನ್ನು ಗದಿಗೆಪ್ಪನವರು ಎಣಿಸಿದ್ದರು, ಇಪ್ಪತ್ಮೂರು. ಮಿಕ್ಕ ಹದಿನಾಲ್ಕು ಎಲ್ಲಿ ಹೋದವು ಎಂದು ಸಮಿತಿ ಯಾರನ್ನೂ ಕೇಳಲಿಲ್ಲ. ಬದಲಿಗೆ ಸಮಿತಿ ಮುಂದಿಟ್ಟ ಪ್ರಸ್ತಾಪ ಕೇಳಿ: ಬರೀ ಒಂಬತ್ತು ಸತ್ತಿವೆಯೆಂದರೆ ಕಾಡಿನಲ್ಲಿ ಇನ್ನೂ ಬೇಕಾದಷ್ಟು ಉಳಿದಿವೆ, ಆದ್ದರಿಂದ ಒಬ್ಬರಿಗೆ ಎರಡರ ಬದಲು ಐದು ಕೊಡೋಣ. ತಲೆಬುಡವಿಲ್ಲದ ಈ ಮಾತನ್ನು ಟೈ ಕಟ್ಟಿಕೊಂಡವರು ಸ್ಲೈಡ್ ಹಾಕಿ ಹೇಳಿದರು.

ಅವರಿಗಿಂತ ಜೋರಾಗಿ ಐದು ಬೇಕೆಂದವರು ನಮ್ಮವರೇ ಆದ ಹೃಷೀಕೇಶ. ಬೆಂಗಳೂರಿನ ಜಯನಗರದವರು, ಸೌತ್‌ಫೀಲ್ಡಿನಲ್ಲಿ ದೊಡ್ಡ ಹುದ್ದೆ, ನಮ್ಮ ಸಬ್‌ಡಿವಿಷನ್ನಿನ ಮನೆಮಾಲೀಕರ ಸಂಘದ ಅಧ್ಯಕ್ಷರು. ಪಿಕ್ನಿಕ್ಕಿನಲ್ಲಿ ಮೊಟ್ಟೆ ಹಾಕಿದ ಕೇಕ್ ಎಂದು ತಿಳಿದರೆ ತಟ್ಟೆ ಬಿಟ್ಟು ಏಳುವ ಶುದ್ಧ ಸಸ್ಯಾಹಾರಿ. ಎರಡು ಬೇಸಿಗೆ ಜಿಂಕೆಗಳು ಅವರ ಅಂಗಳದ ಹೂಗಿಡ ಮೇದಿದ್ದವು. ಅಷ್ಟಕ್ಕೇ ಒಬ್ಬರಿಗೆ ಐದು ಕೊಲೆಯ ಪರವಾನಗಿ ಕೇಳುವಾಗ ಅವರ ಹೊಟ್ಟೆಯ ಶುದ್ಧಿಗೆ ಏನೂ ಆಗಲಿಲ್ಲ.

ಸೆಪ್ಟೆಂಬರಿನ ಸಭೆಯಲ್ಲಿ ತಮ್ಮ ನೋಟ್‌ಬುಕ್ ಇಡಬೇಕೆಂದು ಗದಿಗೆಪ್ಪನವರು ಹೊರಟರು. ಕನ್ನಡದ ನೋಟ್‌ಬುಕ್ ಅಲ್ಲಿ ಯಾರು ಓದುತ್ತಾರೆ? ನಾನೇ ಮೇಲೆ ಬಿದ್ದು, ಎಕ್ಸೆಲ್‌ಗೆ ಟೈಪ್ ಮಾಡಿ ಕೊಡುತ್ತೇನೆ ಅಂಕಲ್ ಎಂದೆ. ನಾನು ಮೈಸೂರಿನವಳು, ಹನ್ನೆರಡನೇ ಕ್ಲಾಸಿನವರೆಗೆ ಕನ್ನಡ ಓದಿದವಳು, ನನಗೆ ಗೊತ್ತಿಲ್ಲದ ಕನ್ನಡವೇ ಎಂಬ ಜಂಬ. ಎರಡು ವೀಕೆಂಡಿನಲ್ಲಿ ಮೂರು ವರ್ಷದ ಲೆಕ್ಕ ಹೊಡೆದು ಮುಗಿಸಿದೆ. ಕಳೆದ ಚಳಿಗಾಲದ ಪುಟಗಳಲ್ಲಿ ಮಾತ್ರ ಅಂಕಿಯ ಜಾಗದಲ್ಲಿ ಎಷ್ಟೋ ಕಡೆ "ಲಾ" ಎಂದು ಬರೆದಿತ್ತು. ಇನ್ನು ಕೆಲವು ದಿನಕ್ಕೆ ಬರೀ ಒಂದು ಗೆರೆ. ಲಾ ಎಂದರೆ ಇಲ್ಲಾ ಎಂಬುದರ ಗಿಡ್ಡ ರೂಪ ಇರಬೇಕು ಎಂದುಕೊಂಡು ಸೊನ್ನೆ ಹಾಕಿದೆ. ಗೆರೆ ಎಳೆದ ದಿನ ಚಳಿಗೆ ಮನೆಯಲ್ಲೇ ಉಳಿದಿರಬೇಕು ಎಂದುಕೊಂಡು ಖಾಲಿ ಬಿಟ್ಟೆ. ನಾಲ್ಕು ಮನೆ ಆಚೆ ಹೋಗಿ ಒಂದು ಮಾತು ಕೇಳಲಿಲ್ಲ.

ಸಭೆಯಲ್ಲಿ ಪ್ರತಿಯೊಬ್ಬರಿಗೂ ಮೂರು ನಿಮಿಷ. ಗದಿಗೆಪ್ಪನವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಮ್ಮ ಗದಗಿನ ಇಂಗ್ಲಿಷಿನಲ್ಲಿ, ಇಪ್ಪತ್ತಾರರಿಂದ ಎರಡಕ್ಕೆ ಇಳಿದ ಕಥೆಯನ್ನು ಎರಡೂವರೆ ನಿಮಿಷದಲ್ಲಿ ಹೇಳಿದರು. ನನ್ನ ಹಾಳೆ ಪರದೆಯ ಮೇಲಿತ್ತು. ಸಮಿತಿಯ ಇಬ್ಬರು ಬಗ್ಗಿ ನೋಡತೊಡಗಿದ್ದರು. ಇನ್ನೇನು ಗೆದ್ದೆವು ಅನ್ನುವಾಗ ಹೃಷೀಕೇಶ ಎದ್ದರು. ವೆಬ್‌ಸೈಟಿಗೆ ಮೊದಲೇ ಏರಿದ್ದ ನನ್ನ ಹಾಳೆಗೆ ಹೋಲಿಸಿ ಇಟ್ಟುಕೊಂಡಿದ್ದ, ತಮ್ಮ ಹಿತ್ತಲಿನ ಕ್ಯಾಮರಾದ ಫೋಟೋ ತೋರಿಸಿದರು. ಫೆಬ್ರವರಿ ಹನ್ನೊಂದು, ಬೆಳಗ್ಗೆ ಏಳು ಹತ್ತು, ಕೆರೆಯ ಕಡೆಗೆ ನಡೆಯುತ್ತಿರುವ ಒಂದು ಹೆಣ್ಣು ಜಿಂಕೆ. ಹಾಳೆಯಲ್ಲಿ ಅದೇ ದಿನದ ಮುಂದೆ ಸೊನ್ನೆ. ಅಂಥವು ಇನ್ನೂ ಐದು ಫೋಟೋ, ಎಲ್ಲದರ ಮುಂದೆಯೂ ಸೊನ್ನೆ. ಕಣ್ಣೆದುರಿಗೆ ಬಂದ ಜಿಂಕೆಯನ್ನು ಈ ಮಹಾಶಯರು ಮುಚ್ಚಿಟ್ಟಿದ್ದಾರೆ, ಬೇಟೆ ನಿಲ್ಲಿಸುವುದೇ ಇದರ ಹಿಂದಿನ ಉದ್ದೇಶ ಎಂದು ಹೃಷೀಕೇಶ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದರು.

ಗದಿಗೆಪ್ಪನವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಪರದೆಯ ಮೇಲಿನ ಅಕ್ಷರ ಅವರ ಕಣ್ಣಿಗೆ ಹತ್ತುವಷ್ಟು ದೊಡ್ಡದಿರಲಿಲ್ಲ. ತಾವು ಬರೆದದ್ದು ಸರಿ ಇದೆ ಎಂದಷ್ಟೇ ಹೇಳಿದರು. ಸಮಿತಿಯ ಅಧ್ಯಕ್ಷೆ ಥ್ಯಾಂಕ್ಸ್ ಹೇಳಿ, ನಂಬಲು ಯೋಗ್ಯವಲ್ಲ ಎಂದು ದಾಖಲೆಗೆ ಬರೆಸಿ ಲೆಕ್ಕವನ್ನು ಬದಿಗಿಟ್ಟರು.

ಪಾರ್ಕಿಂಗಿನಲ್ಲಿ ಕಾರು ಹತ್ತುವ ಮೊದಲು ಗದಿಗೆಪ್ಪನವರು ಹಾಳೆ ಕೇಳಿದರು. ಕನ್ನಡಕ ಏರಿಸಿ ಫೆಬ್ರವರಿ ಹುಡುಕಿದರು.

"ಇದೇನವಾ, ಸೊನ್ನಿ ಹಾಕೀದಿ?"

"ನೀವೇ ಲಾ ಅಂತ ಬರ್ದಿದ್ರಲ್ಲ ಅಂಕಲ್. ಲಾ ಅಂದ್ರೆ ಇಲ್ಲಾ ಅಂತ ತಾನೆ?"

ಅವರು ಹಾಳೆಯ ಸೊನ್ನೆಯ ಮೇಲೆ ಬೆರಳಿಟ್ಟರು. "ಲಾ ಅಂದ್ರ ಲಾಭ. ಲಾಭ ಅಂದ್ರ ಒಂದು. ಕಾಳು ಅಳಿಯೋ ಮುಂದ ಮೊದಲನೇ ಸೇರಿಗೆ ನಮ್ಮಪ್ಪ ಎಂದೂ ಒಂದು ಅಂದಾಂವಲ್ಲ. ಲಾಭ, ಎರಡು, ಮೂರು. ಹಂಗಂದ್ರ ಹಿಂದ ಇನ್ನೂ ಬರ್ತಾವು ಅಂತ."

ಗೆರೆ ಎಳೆದ ದಿನ ನೀವು ಹೋಗಿರಲಿಲ್ಲ ಅಲ್ಲವಾ ಎಂದು ಕೇಳಿದೆ.

"ಹೋಗಲಾರದ ದಿನ ಯಾವದೈತಿ? ಹೋಗಿ, ಕುಂತು, ಒಂದೂ ಬರಲಾರದ ದಿನಕ್ಕ ಗೆರಿ."

ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಆ ಮನುಷ್ಯ ಹೋಗಿ ಕೂತು ಬಂದ ಇಪ್ಪತ್ತೆಂಟು ಬೆಳಗುಗಳನ್ನು ನಾನು ಖಾಲಿ ಬಿಟ್ಟಿದ್ದೆ. ಅವರು ಕಂಡ ಒಂಟಿ ಜಿಂಕೆಯನ್ನು ಇಲ್ಲ ಅನ್ನಿಸಿದ್ದೆ. ನನ್ನ ಮೇಲೆ ರೇಗಿದ್ದರೆ ಎಷ್ಟೋ ವಾಸಿಯಿತ್ತು. ಅವರು ಹಾಳೆ ಮಡಿಸಿ ಜೇಬಿಗಿಟ್ಟು, ಸೀಟ್ ಬೆಲ್ಟ್ ಹಾಕಿಕೋ ತಂಗಿ ಎಂದರು.

ಐದು ಜಿಂಕೆಯ ನಿಯಮದ ಮೇಲೆ ಸಮಿತಿಯ ಮತದಾನಕ್ಕೆ ಇನ್ನೂ ಎರಡು ವಾರವಿತ್ತು. ನಾನು ಅದೇ ರಾತ್ರಿಯಿಂದ ಹಾಳೆ ತಿದ್ದಿದೆ, ಈ ಸಲ ಪ್ರತಿ ಸಾಲನ್ನೂ ಅವರ ಪಕ್ಕ ಕೂತು ಕೇಳಿ. ಲಾ ಇದ್ದಲ್ಲೆಲ್ಲ ಒಂದು ಬಂತು, ಖಾಲಿ ಬಿಟ್ಟ ಇಪ್ಪತ್ತೆಂಟು ದಿನಕ್ಕೆ ಸೊನ್ನೆ; ತಿದ್ದಿದ ಮೇಲೂ ಜಿಂಕೆ ಕಡಿಮೆಯೇ. ಹೃಷೀಕೇಶರ ಆರು ಫೋಟೋಗಳೂ ನೋಟ್‌ಬುಕ್ಕಿನ ಆರು ಲಾಗಳಿಗೆ ಸರಿಯಾಗಿ ಕೂತವು. ಅವರ ಕ್ಯಾಮರಾ ಗದಿಗೆಪ್ಪನವರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಹೃಷೀಕೇಶರ ಮನೆಗೇ ಹೋಗಿ ಇದನ್ನು ವಿವರಿಸಿದೆ. ಅವರು ಕಾಫಿ ಕೊಟ್ಟರು. ತಪ್ಪು ನಿಮ್ಮದು ಅಂತ ನೀವೇ ಒಪ್ಪಿಕೊಳ್ತಿದೀರಲ್ಲ, ನಾನೇನು ಮಾಡಲಿ ಎಂದರು. ನಿಮಗೂ ಕನ್ನಡ ಬರುತ್ತದಲ್ಲ, ನೋಟ್‌ಬುಕ್ ತೆರೆದು ಒಮ್ಮೆ ಕೇಳಬಹುದಿತ್ತಲ್ಲ ಎಂದೆ. ಹಳ್ಳಿ ಕನ್ನಡವೆಲ್ಲ ತಮಗೆ ಗೊತ್ತಾಗುವುದಿಲ್ಲ ಎಂದರು. ನನಗೂ ಗೊತ್ತಾಗಿರಲಿಲ್ಲವಾದ್ದರಿಂದ ಎದ್ದು ಬಂದೆ. ಕಾಫಿ ಮಾತ್ರ ಕುಡಿಯಲಿಲ್ಲ.

ಮತದಾನದ ದಿನ ನನ್ನ ಮೂರು ನಿಮಿಷದಲ್ಲಿ ಲಾಭದ ಕಥೆ ಹೇಳಿದೆ. ಗದಗಿನ ಪೇಟೆ, ಸೇರು, ಮೊದಲನೆಯ ಅಳತೆ. ಯಾರೋ ಕಿಸಕ್ಕನೆ ನಕ್ಕರು. ದಾಖಲೆ ಸಲ್ಲಿಸುವ ಗಡುವು ಮುಗಿದಿದೆ, ಅಲ್ಲದೆ ಒಮ್ಮೆ ತಿದ್ದಿದ ಲೆಕ್ಕವನ್ನು ನಂಬುವುದು ಹೇಗೆ ಎಂದರು ಅಧ್ಯಕ್ಷೆ. ಅದಾದ ಹತ್ತೇ ನಿಮಿಷಕ್ಕೆ ಅದೇ ಬಾಯಲ್ಲಿ, ಕಳೆದ ಸೀಸನ್ನಿನ ಹಾರ್ವೆಸ್ಟ್ ರಿಪೋರ್ಟ್ ಮರೆತವರು ಈಗಲೂ ತುಂಬಬಹುದು, ದಂಡವೇನೂ ಇಲ್ಲ ಎಂದು ಪ್ರಕಟಿಸಿದರು. ಕೊಂದವರಿಗೆ ಒಂದು ವರ್ಷದ ರಿಯಾಯಿತಿ, ಎಣಿಸಿದವರಿಗೆ ಎರಡು ವಾರವೂ ಇಲ್ಲ. ನಾಲ್ಕಕ್ಕೆ ಮೂರು ಮತದಿಂದ ಐದು ಜಿಂಕೆಯ ನಿಯಮ ಪಾಸಾಯಿತು. ಗದಿಗೆಪ್ಪನವರ ಹೆಸರಿನ ಮುಂದೆ ನಂಬಲು ಯೋಗ್ಯವಲ್ಲ ಎಂಬುದು ಹಾಗೆಯೇ ಉಳಿಯಿತು.

ಅವರು ಎಣಿಸುವುದನ್ನು ಬಿಡಲಿಲ್ಲ. ಅಕ್ಟೋಬರಿನಿಂದ ಡಿಸೆಂಬರ್ ಮುಗಿಯುವ ತನಕ ಸೀಸನ್ ನಡೆಯಿತು. ಜನವರಿ ಎರಡರ ಬೆಳಗ್ಗೆ ನಾನೂ ಅವರ ಜೊತೆ ಹೋದೆ. ಕೆರೆ ಹೆಪ್ಪುಗಟ್ಟಿತ್ತು. ಏಳೂವರೆಯ ಹೊತ್ತಿಗೆ ಮರಗಳ ಆಚೆಯಿಂದ ಒಂದು ಹೆಣ್ಣು ಜಿಂಕೆ ಬಂದು ಮಂಜುಗಡ್ಡೆಯಂಚಿಗೆ ಮೂಗು ಹಚ್ಚಿತು. ಗದಿಗೆಪ್ಪನವರು ಶುರುಮಾಡಿದರು: ಲಾಭ, ಲಾಭ, ಲಾಭ. ಬಾಯಿಂದ ಹಬೆ ಬರುತ್ತಿತ್ತು. ಜಿಂಕೆ ಎರಡು ಸಲ ತಿರುಗಿ ತಾನು ಬಂದ ಕಡೆ ನೋಡಿ, ಆಮೇಲೆ ಆಚೆ ದಂಡೆಯ ಪೊದೆಯೊಳಗೆ ಹೋಯಿತು. ಇವರು ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆ, ನನ್ನ ಕಾಲ್ಬೆರಳು ಮರಗಟ್ಟುವ ತನಕ, ಆ ಒಂದೇ ಪದ ಹೇಳುತ್ತ ಎರಡನೆಯದಕ್ಕೆ ಕಾದರು.

ಬರಲಿಲ್ಲ. ಗ್ಲೌಸ್ ತೆಗೆದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದರು. ಅದರ ಮುಂದೆ ಬರೆದದ್ದನ್ನು ನಾನು ಬಗ್ಗಿ ನೋಡಿದೆ. ಲಾ ಇರಲಿಲ್ಲ. ಕನ್ನಡದ ೧ ಇತ್ತು.

"ಇದಕ್ಕ ಇನ್ನ ಲಾಭ ಅನ್ನಾಕ ನನಗ ಬಾಯಿ ಬರೂದಿಲ್ಲವಾ," ಎಂದು ಪೆನ್ನು ಜೇಬಿಗಿಟ್ಟರು.