ಹೊರಡುವ ಮುಂಚೆ ಮುಳುಗುವ ತಾಲೀಮು

ಮುಂಬೈ ಬಂದರಿನಲ್ಲಿ ನಮ್ಮ ಹಡಗು ಇನ್ನೂ ದಡ ಬಿಟ್ಟಿರಲಿಲ್ಲ, ಆಗಲೇ ಸೈರನ್ ಕೂಗಿತು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ ಡೆಕ್ಕಿನಲ್ಲಿ ಸಾಲಾಗಿ ನಿಲ್ಲಿಸಿದರು. ಹಡಗು ಮುಳುಗಿದರೆ ಏನು ಮಾಡಬೇಕೆಂದು ಹೊರಡುವ ಮುಂಚೆ ತಾಲೀಮು ಮಾಡಿಸುವುದು ಇಲ್ಲಿನ ಪದ್ಧತಿಯಂತೆ.

ನಿಟ್ಟುವಳ್ಳಿಯಿಂದ ನನ್ನ ಜೊತೆ ಬಂದ ಪಕ್ಕದ ಮನೆಯ ಫಾತಿಮಕ್ಕ ಇದನ್ನು ನಂಬಲಿಲ್ಲ.

"ಹರಿಹರದ ಬಸ್ಸಿನಾಗೆ ಯಾರಾರ ಹಿಂಗೆ ಮಾಡಿಸ್ತಾರೇನ್ರಿ? ಈ ಹಡಗಿಗೆ ಏನೋ ಆಗೈತೆ, ಹೇಳ್ತಿಲ್ಲ. ಇಳಿಯೋಣ ನಡೀರಿ," ಎಂದು ಗಂಡ ಖಾದರಣ್ಣನ ತೋಳು ಹಿಡಿದೆಳೆದರು.

ಹಡಗಿನ ಹುಡುಗಿಯೊಬ್ಬಳು ನಗುತ್ತ ಬಂದು, ಮೇಲೆ ತೂಗುಹಾಕಿದ್ದ ದೋಣಿಯೊಂದನ್ನು ತೋರಿಸಿ, ಅದು ನಿಮ್ಮದು ಎಂದಳು.

ಫಾತಿಮಕ್ಕ ಗಂಡನತ್ತ ಕೈ ತೋರಿಸಿ ಅನುಮಾನದಿಂದಲೇ ಉರ್ದುವಿನಲ್ಲಿ ಕೇಳಿದರು: "ಇವರದು?"

"ಇವರದೂ ಅದೇ."

ಫಾತಿಮಕ್ಕ ದೋಣಿಯನ್ನೂ ಗಂಡನನ್ನೂ ನೋಡಿದರು.

"ಹಂಗಾದ್ರೆ ಹೋಗ್ಲಿ ಬಿಡ್ರಿ ಹಡಗು," ಎಂದರು.